ಮೇಯಲು ಹೋದ ದನಕ್ಕೆ ನಂಜೇರಿದರೆ: ಯಾವ ಗಿಡ ಎಂದು ಪತ್ತೆ ಮಾಡುವ ಬಗೆ

ಬೆಳಿಗ್ಗೆ ಚೆನ್ನಾಗಿಯೇ ಮೇಯಲು ಹೋದ ಹಸು ಮಧ್ಯಾಹ್ನ ಕುಸಿದು ಬಿತ್ತು ಎಂದರೆ ಊರಲ್ಲಿ ಏಳುವ ಮಾತು ಎರಡೇ. ‘ಹಾವು ಕಚ್ಚಿರಬೇಕು’ ಅಥವಾ ‘ಆಗದವರು ಯಾರೋ ಏನೋ ಹಾಕಿದ್ದಾರೆ.’ ಎರಡೂ ನಡೆಯುವುದೇ ಇಲ್ಲ ಅಂತಲ್ಲ. ಆದರೆ ಎಷ್ಟೋ ಸಲ ಕಾರಣ ಅಲ್ಲೇ ಹೊಲದಲ್ಲಿ, ಬದುವಿನ ಮೇಲೆ ಹಸಿರಾಗಿ ನಿಂತಿರುತ್ತದೆ.

ಗಿಡದ ನಂಜು ಅನ್ನುವ ಅನುಮಾನ ಬಂದ ಕೂಡಲೇ ಜನ ಗಿಡ ಹುಡುಕಲು ಹೊರಡುತ್ತಾರೆ. ಇದು ಉಲ್ಟಾ ದಾರಿ. ಯಾವ ಗೋಮಾಳದಲ್ಲಿ ಸುತ್ತು ಹಾಕಿದರೂ ನಂಜಿನ ಗಿಡ ನಾಲ್ಕಾರು ಸಿಗುತ್ತವೆ: ಎಕ್ಕ, ಉಮ್ಮತ್ತಿ, ಲಂಟಾನ, ಔಡಲ, ಕಾಂಗ್ರೆಸ್ ಹುಲ್ಲು. ಅವು ನಿನ್ನೆಯೂ ಇದ್ದವು, ಹೋದ ವರ್ಷವೂ ಇದ್ದವು. ದನಗಳು ಅವುಗಳ ಪಕ್ಕದಲ್ಲೇ ಹಾದು, ಮೂಸಿ ನೋಡಿ ಬಿಟ್ಟು, ಹುಲ್ಲು ಮೇಯ್ದು ಮನೆಗೆ ಬಂದಿವೆ. ಹಾಗಾಗಿ ಮೊದಲು ಕೇಳಬೇಕಾದ್ದು ಇವತ್ತು ಏನು ಬದಲಾಯಿತು ಅಂತ. ಮೇಯ್ದು ಎಷ್ಟು ಹೊತ್ತಿಗೆ ಲಕ್ಷಣ ಕಂಡಿತು ಅನ್ನುವುದು ಎರಡನೆಯದು. ಈ ಎರಡಕ್ಕೆ ಸರಿಯಾದ ಉತ್ತರ ಸಿಕ್ಕರೆ ಗಿಡದ ಹೆಸರು ತಾನಾಗಿ ಹೊರಗೆ ಬರುತ್ತದೆ.

ಪತ್ತೆಗೆ ಮೊದಲು ಮಾಡಬೇಕಾದ್ದು

ಉಳಿದ ದನಗಳನ್ನು ಆ ಜಾಗದಿಂದ ಮೆಲ್ಲಗೆ ಹೊರಗೆ ತನ್ನಿ. ಕೋಲು ಬೀಸಿ ಅಟ್ಟಬೇಡಿ. ಕೆಲವು ನಂಜಿನಲ್ಲಿ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯೇ ಹೋಗಿರುತ್ತದೆ, ಕೆಲವಲ್ಲಿ ಹೃದಯ ತಾಳ ತಪ್ಪಿರುತ್ತದೆ. ಓಡಿಸಿದರೆ ನಿಂತಿದ್ದ ಹಸುವೂ ಬೀಳುತ್ತದೆ. ಬಿದ್ದ ಹಸುವನ್ನು ಎದೆಯ ಮೇಲೆ ಕೂರುವ ಹಾಗೆ ಎಬ್ಬಿಸಿ, ಪಕ್ಕಕ್ಕೆ ಹುಲ್ಲಿನ ಹೊರೆಯೋ ಮೂಟೆಯೋ ಒತ್ತುಕೊಡಿ. ಮಗ್ಗುಲಾಗಿ ಮಲಗಿದ್ದರೆ ಹೊಟ್ಟೆ ಉಬ್ಬರಿಸಿ ಉಸಿರು ಕಟ್ಟುತ್ತದೆ.

ಗೊಟ್ಟ ಹಾಕಬೇಡಿ. ಎಣ್ಣೆ, ಮಜ್ಜಿಗೆ, ಹುಣಸೆ ನೀರು, ಬೆಲ್ಲದ ನೀರು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾಲಿಗೆ ಸಡಿಲವಾದ, ನುಂಗಲು ಆಗದ ಹಸುವಿನ ಬಾಯಿಗೆ ಏನು ಸುರಿದರೂ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ನಂಜಿನಿಂದ ಉಳಿದ ಹಸು ವಾರದ ನಂತರ ನ್ಯುಮೋನಿಯಾದಿಂದ ಸತ್ತರೆ ಆ ಗೊಟ್ಟವೇ ಕಾರಣ ಆಗಿರಬಹುದು.

ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಿ. ಸಂಚಾರಿ ಪಶು ಆಂಬುಲೆನ್ಸ್‌ಗೆ 1962 ನಂಬರ್ ಇದೆ. ‘ಹಸು ಬಿದ್ದಿದೆ ಬನ್ನಿ’ ಎಂದಷ್ಟೇ ಹೇಳಬೇಡಿ. ‘ಎಳೆ ಜೋಳ ಮೇಯ್ದಿದೆ, ಅರ್ಧ ಗಂಟೆ ಆಯಿತು’ ಎಂದರೆ ಡಾಕ್ಟರು ಬರುವಾಗಲೇ ಬೇಕಾದ ಔಷಧಿ ಹಿಡಿದುಕೊಂಡು ಬರುತ್ತಾರೆ.

ಇನ್ನೊಂದು ಎಚ್ಚರ. ದನ ಇದ್ದಕ್ಕಿದ್ದಂತೆ ಸತ್ತು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಅದನ್ನು ಮುಟ್ಟಬೇಡಿ, ಕೊಯ್ಯಲು ಬಿಡಬೇಡಿ. ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ಮನುಷ್ಯರಿಗೂ ಹರಡುತ್ತದೆ. ಅಲ್ಲಿಗೆ ಈ ಬರಹದ ಕೆಲಸ ಮುಗಿಯಿತು, ಇಲಾಖೆಯವರನ್ನು ಕರೆಯುವುದೊಂದೇ ದಾರಿ.

ಯಾರನ್ನು ಕೇಳಬೇಕು, ಏನು ಕೇಳಬೇಕು

ದನ ಕಾದವರನ್ನೇ ಕೇಳಿ. ಮನೆಯ ಯಜಮಾನರಿಗೆ ಸಾಮಾನ್ಯವಾಗಿ ಏನೂ ಗೊತ್ತಿರುವುದಿಲ್ಲ. ಕಾಯುವ ಹುಡುಗನೋ ಅಜ್ಜನೋ ಬೈಗುಳಕ್ಕೆ ಹೆದರಿ ‘ದಿನಾ ಹೋಗೋ ಕಡೆಗೇ ಹೋಗಿದ್ವು’ ಅನ್ನುತ್ತಾರೆ. ಸ್ವಲ್ಪ ಪಕ್ಕಕ್ಕೆ ಕರೆದು, ‘ಯಾರೂ ಏನೂ ಅನ್ನಲ್ಲ, ಎಲ್ಲಿ ನುಗ್ಗಿದ್ವು ಹೇಳಪ್ಪಾ, ಇನ್ನೂ ನಾಲ್ಕು ದನ ಉಳೀಬೇಕು’ ಎಂದು ಕೇಳಿದರೆ ಪಕ್ಕದ ಹೊಲದ ಕಥೆ ಹೊರಗೆ ಬರುತ್ತದೆ.

ಎಷ್ಟು ದನಕ್ಕೆ ಬಂದಿದೆ ಅನ್ನುವುದನ್ನು ಗಮನಿಸಿ. ಹತ್ತರಲ್ಲಿ ಒಂದೇ ಬಿದ್ದಿದ್ದರೆ ಹಾವು, ಸಿಡಿಲು, ಹಳೆಯ ಕಾಯಿಲೆ ಎಲ್ಲವೂ ಸಾಧ್ಯ. ಒಂದೇ ಹೊತ್ತಿಗೆ ಮೂರು ನಾಲ್ಕು ಬಿದ್ದಿದ್ದರೆ ತಿಂದದ್ದರಲ್ಲೇ ಏನೋ ಇದೆ. ಅದರಲ್ಲೂ ಯಾವುದು ಬಿದ್ದಿದೆ ನೋಡಿ. ಜೋರಾಗಿ ಮುಂದೆ ನುಗ್ಗಿ ಬಾಯಿ ಹಾಕುವ ಗಟ್ಟಿ ಹಸು ಮೊದಲು ಬಿದ್ದು, ಹಿಂದೆ ಉಳಿಯುವ ಮುದಿ ಎಮ್ಮೆ ಚೆನ್ನಾಗಿದ್ದರೆ ಮೇವಿನ ನಂಜಿನ ಅನುಮಾನ ಬಲವಾಗುತ್ತದೆ. ರೋಗ ಆಗಿದ್ದರೆ ಸಾಮಾನ್ಯವಾಗಿ ಬಡಕಲು ದನವೇ ಮೊದಲು ಸೋಲುವುದು, ಅಲ್ವಾ?

ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ ಎಂದು ಕೇಳುವಾಗ ಸಣ್ಣದನ್ನೂ ಬಿಡಬೇಡಿ. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಮೇವು ಹಾಕಿದ್ದರಾ? ಹೊಸದಾಗಿ ಸಂತೆಯಿಂದ ತಂದ ಹಸುವಾ? ಮೂರು ದಿನದ ಹಿಂದೆ ಮಳೆ ಬಂತಾ? ಪಕ್ಕದವರು ಬೇಲಿ ಸವರಿ ಕೊಂಬೆ ಈಚೆ ಎಸೆದರಾ? ಹೊಲಕ್ಕೆ ಯೂರಿಯಾ ಹಾಕಿ ಎಷ್ಟು ದಿನ ಆಯಿತು? ಔಷಧಿ ಹೊಡೆದಿದ್ದಾರಾ? ನಂಜಿನ ಗಿಡ ಅಲ್ಲೇ ಇರುತ್ತದೆ, ದನವನ್ನು ಅದರ ಕಡೆ ತಳ್ಳುವುದು ಹಸಿವು. ಖಾಲಿ ಹೊಟ್ಟೆಯ ದನ ಆರಿಸಿಕೊಂಡು ತಿನ್ನುವುದಿಲ್ಲ.

ಒಂದು ಗಂಟೆಯೊಳಗೆ ಬಿದ್ದರೆ: ಮೊದಲ ಅನುಮಾನ ಜೋಳದ ಮೇಲೆ

ಜೋಳ ವಿಷದ ಗಿಡ ಅಂದರೆ ಬಯಲುಸೀಮೆಯಲ್ಲಿ ಯಾರೂ ಒಪ್ಪುವುದಿಲ್ಲ. ಅನ್ನ ಕೊಡುವ ಬೆಳೆ, ಕಣಿಕೆ ವರ್ಷವಿಡೀ ದನದ ಹೊಟ್ಟೆ ತುಂಬಿಸುತ್ತದೆ. ಆದರೆ ಎಳೆ ಜೋಳ ಮತ್ತು ಕೊಯ್ದ ಮೇಲೆ ಬುಡದಿಂದ ಚಿಗುರುವ ಕೂಳೆ ಬೇರೆಯೇ ಸರಕು. ಜೋಳದ ಎಲೆಯಲ್ಲಿ ಧುರಿನ್ ಎಂಬ ವಸ್ತು ಇರುತ್ತದೆ. ಅದನ್ನು ಒಡೆಯುವ ಕಿಣ್ವವೂ ಅದೇ ಎಲೆಯಲ್ಲಿ ಬೇರೆ ಕಡೆ ಇರುತ್ತದೆ. ಎಲೆ ಜಜ್ಜಿ ಹೋದಾಗ, ಅಂದರೆ ದನ ಅಗಿದಾಗ, ಎರಡೂ ಸೇರಿ ಸಯನೈಡ್ ಬಿಡುಗಡೆ ಆಗುತ್ತದೆ. ಮೆಲುಕು ಹಾಕುವ ಪ್ರಾಣಿಗಳ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳೂ ಈ ಕೆಲಸಕ್ಕೆ ಕೈ ಜೋಡಿಸುತ್ತವೆ. ಹಾಗಾಗಿ ಕುದುರೆ, ಹಂದಿಗಿಂತ ದನ, ಕುರಿ, ಮೇಕೆಗೆ ಅಪಾಯ ಜಾಸ್ತಿ.

ಲೆಕ್ಕ ಹೀಗಿದೆ. ಮೈತೂಕದ ಪ್ರತಿ ಕೆಜಿಗೆ ಸುಮಾರು 2 ಮಿಲಿಗ್ರಾಂ ಸಯನೈಡ್ ಪ್ರಾಣ ತೆಗೆಯಲು ಸಾಕು. 300 ಕೆಜಿ ತೂಗುವ ಹಸುವಿಗೆ 600 ಮಿಲಿಗ್ರಾಂ ಆಯಿತು. ಹಸಿ ಮೇವಿನಲ್ಲಿ ಕೆಜಿಗೆ 200 ಮಿಲಿಗ್ರಾಂ ಇದ್ದರೆ ಮೂರು ಕೆಜಿ ಮೇವು ಗಬಗಬ ತಿಂದರೆ ಮುಗಿಯಿತು. ಅದೇ ಮೂರು ಕೆಜಿಯನ್ನು ಹಸು ದಿನವಿಡೀ ಅಲ್ಲೊಂದು ಇಲ್ಲೊಂದು ಬಾಯಿ ಹಾಕಿ ತಿಂದಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಸಯನೈಡನ್ನು ಸ್ವಲ್ಪ ಸ್ವಲ್ಪವಾಗಿ ಬಂದರೆ ದೇಹ ನಿವಾರಿಸಿಕೊಳ್ಳುತ್ತದೆ. ಒಮ್ಮೆಲೇ ಬಂದರೆ ಆಗುವುದಿಲ್ಲ. ಒಂದೇ ಹೊಲದಲ್ಲಿ ಮೇಯ್ದ ನಿಮ್ಮ ಹಸು ಸತ್ತು ಪಕ್ಕದವರದ್ದು ಬದುಕಿದ್ದಕ್ಕೆ ಇದೇ ಕಾರಣ ಇರಬಹುದು.

ಯಾವಾಗ ನಡೆಯುತ್ತದೆ ನೋಡಿ. ಜೋಳ ಬಿತ್ತಿ ತಿಂಗಳಾಗಿದೆ, ಮೊಣಕಾಲುದ್ದ ಬಂದಿದೆ, ಮಳೆ ಕೈಕೊಟ್ಟು ಎಲೆ ಸುರುಳಿ ಸುತ್ತಿದೆ. ‘ಹೆಂಗೂ ಬೆಳೆ ಬರಲ್ಲ, ದನಕ್ಕಾದ್ರೂ ಆಗ್ಲಿ’ ಎಂದು ಬಿಡುತ್ತಾರೆ. ಅಥವಾ ತೆನೆ ಕೊಯ್ದಾಗಿದೆ, ಬೇಸಿಗೆಯ ಒಂದು ಅಡ್ಡಮಳೆ ಬಿದ್ದು ಬುಡದಲ್ಲಿ ಹಸಿರು ಕೂಳೆ ಎದ್ದಿದೆ. ಸುತ್ತ ಎಲ್ಲಾ ಒಣಗಿರುವಾಗ ಆ ಹಸಿರು ದನವನ್ನು ಎಳೆಯದೆ ಬಿಡುತ್ತಾ?

ಲಕ್ಷಣ ಹತ್ತು ಹದಿನೈದು ನಿಮಿಷದಿಂದ ಶುರುವಾಗಬಹುದು. ಉಸಿರು ಜೋರಾಗುತ್ತದೆ, ಬಾಯಿ ತೆರೆದು ಏದುಸಿರು, ಜೊಲ್ಲು, ತೂರಾಟ, ಮೈ ನಡುಕ. ನಂತರ ಬಿದ್ದು ಕಾಲು ಒದರಾಟ. ಈಗ ಮಾಡಬೇಕಾದ ಒಂದೇ ಪರೀಕ್ಷೆ ಬಾಯಿ ನೋಡುವುದು. ಮೇಲ್ದುಟಿ ಎತ್ತಿ ಒಸಡು ನೋಡಿ, ಕೆಳರೆಪ್ಪೆ ಹೆಬ್ಬೆರಳಲ್ಲಿ ಎಳೆದು ಒಳಗೆ ನೋಡಿ. ನೆರಳಲ್ಲಿ ಬೇಡ, ಹಗಲ ಬೆಳಕಿನಲ್ಲಿ. ಚೆನ್ನಾಗಿರುವ ಇನ್ನೊಂದು ಹಸುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅದರದ್ದೂ ನೋಡಿ. ಹೋಲಿಸದೆ ಹೋದರೆ ಕಣ್ಣು ಮೋಸ ಮಾಡುತ್ತದೆ. ಆರೋಗ್ಯವಂತ ಹಸುವಿನದ್ದು ತಿಳಿ ಗುಲಾಬಿ. ಸಯನೈಡ್ ಏರಿದ ಹಸುವಿನದ್ದು ಕೆಂಪು ಕೆಂಪು, ಬಣ್ಣ ಹಚ್ಚಿದಂತೆ. ಉಸಿರಿಗೆ ಒದ್ದಾಡುವ ಪ್ರಾಣಿಯ ಒಸಡು ನೀಲಿಯಾಗಬೇಕಿತ್ತು. ಇಲ್ಲಿ ಕೆಂಪಾಗಿದೆ. ಯಾಕೆಂದರೆ ರಕ್ತದಲ್ಲಿ ಆಮ್ಲಜನಕ ಬೇಕಾದಷ್ಟಿದೆ, ಅದನ್ನು ಬಳಸುವ ಜೀವಕೋಶಗಳ ಕೈ ಕಟ್ಟಿಹೋಗಿದೆ. ಡಾಕ್ಟರು ಸಿರಿಂಜಿಗೆ ಎಳೆದ ರಕ್ತವೂ ಹಾಗೇ ಕೆಂಪಾಗಿ ಹೊಳೆಯುತ್ತದೆ. ಕೊನೆಯ ಹಂತದಲ್ಲಿ ಮಾತ್ರ ಉಸಿರೇ ನಿಂತಾಗ ಬಣ್ಣ ನೀಲಿಗೆ ತಿರುಗಬಹುದು. ಹಾಗಾಗಿ ತಡವಾಗಿ ನೋಡಿ ‘ಕೆಂಪಿಲ್ಲ, ಜೋಳ ಅಲ್ಲ’ ಎಂದು ತೀರ್ಮಾನಿಸಬೇಡಿ.

ಇದಕ್ಕೆ ಮದ್ದಿದೆ, ಹೊತ್ತಿಗೆ ಸರಿಯಾಗಿ ಸಿಕ್ಕರೆ ಬಿದ್ದ ಹಸು ಎದ್ದು ನಿಲ್ಲುತ್ತದೆ. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಎರಡನ್ನೂ ಡಾಕ್ಟರು ರಕ್ತನಾಳಕ್ಕೆ ಕೊಡುತ್ತಾರೆ. ಥಯೋಸಲ್ಫೇಟ್ ಅಂದರೆ ಹಳೇ ಫೋಟೊ ಸ್ಟುಡಿಯೋಗಳಲ್ಲಿ ಬಳಸುತ್ತಿದ್ದ ಹೈಪೋ. ಹೊಟ್ಟೆಯಲ್ಲಿ ಉಳಿದ ಸಯನೈಡ್ ಹಿಡಿದಿಡಲು ದೊಡ್ಡ ಹಸುವಿಗೆ 30 ಗ್ರಾಂ ಹೈಪೋ ನೀರಲ್ಲಿ ಕಲಸಿ ಹೊಟ್ಟೆಗೆ ಕೊಡುವುದೂ ಉಂಟು. ಜೋಳ ಬೆಳೆಯುವ, ಆಸ್ಪತ್ರೆ ದೂರ ಇರುವ ಊರಿನವರು ಮಳೆಗಾಲಕ್ಕೆ ಮುಂಚೆಯೇ ನಿಮ್ಮ ಡಾಕ್ಟರ ಹತ್ತಿರ ಈ ಬಗ್ಗೆ ಮಾತಾಡಿ ಇಟ್ಟುಕೊಳ್ಳಿ.

ಮರಗೆಣಸಿನ ಎಲೆ, ಗೆಡ್ಡೆಯ ಸಿಪ್ಪೆಯಲ್ಲೂ ಇದೇ ಸಯನೈಡ್. ಲಕ್ಷಣ ಇದೇ, ಔಷಧಿ ಇದೇ.

ಒಸಡು ಕಂದು ಬಣ್ಣವಾ? ಹಾಗಾದರೆ ಬೇರೆ ದಾರಿ

ಪತ್ತೆಯಲ್ಲಿ ಎಡವಿದರೆ ಅತಿ ದುಬಾರಿಯಾಗುವ ಜಾಗ ಇದು. ಏದುಸಿರು, ತೂರಾಟ, ಬೀಳುವುದು ಎಲ್ಲಾ ಮೇಲಿನಂತೆಯೇ ಇದೆ. ಆದರೆ ಒಸಡು ಕೆಂಪಿಲ್ಲ, ಮಣ್ಣಿನ ಕಂದು. ಡಾಕ್ಟರು ತೆಗೆದ ರಕ್ತ ಚಾಕೊಲೇಟಿನ ಬಣ್ಣ. ಮಾಮೂಲಿ ಸಿರೆಯ ರಕ್ತ ಕಡುಗೆಂಪಾಗಿದ್ದರೂ ಬಿಳಿ ಬಟ್ಟೆಯ ಮೇಲೆ ಗಾಳಿಗೆ ಇಟ್ಟರೆ ತಿಳಿಯಾಗಿ ಕೆಂಪೇರುತ್ತದೆ. ಇದು ಕಂದಾಗಿಯೇ ಉಳಿಯುತ್ತದೆ. ಇದು ನೈಟ್ರೇಟ್ ನಂಜು.

ಯೂರಿಯಾ ಜಾಸ್ತಿ ಬಿದ್ದ ಮುಸುಕಿನ ಜೋಳ, ಸಜ್ಜೆ, ನೇಪಿಯರ್, ಚರಂಡಿ ನೀರಿನಲ್ಲಿ ಕೊಬ್ಬಿದ ಹುಲ್ಲು, ತಿಪ್ಪೆಯ ಮೇಲಿನ ದಂಟು, ಇವೆಲ್ಲ ನೈಟ್ರೇಟ್ ತುಂಬಿಕೊಳ್ಳುತ್ತವೆ. ಬರದಲ್ಲಿ ಬಾಡಿದಾಗ, ನಾಲ್ಕಾರು ದಿನ ಮೋಡ ಮುಸುಕಿ ಬಿಸಿಲೇ ಇಲ್ಲದಾಗ ಇನ್ನೂ ಜಾಸ್ತಿ. ದನದ ಹೊಟ್ಟೆಯಲ್ಲಿ ನೈಟ್ರೇಟ್ ನೈಟ್ರೈಟ್ ಆಗಿ ರಕ್ತವನ್ನೇ ಕೆಡಿಸುತ್ತದೆ. ಮದ್ದು ಮೆಥಿಲೀನ್ ಬ್ಲೂ.

ಜೋಳದ ನಂಜಿಗೆ ಕೊಡುವ ಎರಡು ಔಷಧಿಗಳಲ್ಲಿ ಒಂದು ಸೋಡಿಯಂ ನೈಟ್ರೈಟ್ ಅಂತ ಈಗಷ್ಟೇ ಹೇಳಿದೆ. ನೈಟ್ರೇಟ್ ನಂಜಾದ ಹಸುವಿಗೆ ಅದನ್ನೇ ಕೊಟ್ಟರೆ ಇರುವ ಬೆಂಕಿಗೆ ತುಪ್ಪ ಸುರಿದಂತೆ. ಅದಕ್ಕೇ ‘ಮೇವು ತಿಂದು ಬಿದ್ದಿದೆ, ಅದೇ ಇಂಜೆಕ್ಷನ್ ಕೊಡಿ’ ಎಂದು ಕಳೆದ ಸಲದ ನೆನಪಿನಲ್ಲಿ ಒತ್ತಾಯ ಮಾಡಬೇಡಿ. ಇನ್ನೊಂದು ತೊಡಕು, ಜೋಳದಲ್ಲಿ ಎರಡು ನಂಜೂ ಒಟ್ಟಿಗೆ ಇರಬಹುದು. ಗೊತ್ತಾಗದ ಹೊತ್ತಲ್ಲಿ ಡಾಕ್ಟರು ಥಯೋಸಲ್ಫೇಟ್ ಮಾತ್ರ ಕೊಟ್ಟು ನೋಡುವುದು ಇದೇ ಕಾರಣಕ್ಕೆ. ನೀವು ಒಸಡಿನ ಬಣ್ಣ ಸರಿಯಾಗಿ ನೋಡಿ ಹೇಳಿದರೆ ಅವರ ಕೆಲಸ ಅರ್ಧ ಹಗುರ.

ಅದೇ ಹೊತ್ತಿನಲ್ಲಿ ಗೊಂದಲ ಮಾಡುವ ಬೇರೆ ಕಾರಣಗಳು

ಯೂರಿಯಾವನ್ನೇ ನೆಕ್ಕಿದ್ದರೆ, ಅಂದರೆ ಖಾಲಿ ಚೀಲ ಅಥವಾ ಗೊಬ್ಬರ ಕಲಸಿದ ನೀರು, ಅರ್ಧ ಗಂಟೆಯಲ್ಲಿ ಮಾಂಸಖಂಡ ಅದುರುತ್ತದೆ, ಹೊಟ್ಟೆ ಉಬ್ಬುತ್ತದೆ, ಹಸು ಅರಚುತ್ತದೆ. ಇದಕ್ಕೆ ತಣ್ಣೀರು ಮತ್ತು ವಿನೆಗರ್ ಲೀಟರುಗಟ್ಟಲೆ ಬೇಕು, ಅದನ್ನೂ ಡಾಕ್ಟರು ನಳಿಕೆ ಇಳಿಸಿ ಕೊಟ್ಟರೆ ಕ್ಷೇಮ.

ಬೆಳೆಗೆ ಹೊಡೆದ ಕೀಟನಾಶಕವೋ ಉಮ್ಮತ್ತಿಯೋ ಎಂಬ ಅನುಮಾನ ಬಂದರೆ ಕಣ್ಣಿನ ಪಾಪೆ ನೋಡಿ. ಕೀಟನಾಶಕದಲ್ಲಿ ಪಾಪೆ ಕಿರಿದಾಗಿ ಗೆರೆಯಂತಾಗುತ್ತದೆ, ಜೊಲ್ಲು ಧಾರೆಯಾಗಿ ಸುರಿಯುತ್ತದೆ, ಭೇದಿ ಆಗುತ್ತದೆ, ಮೈ ಅದುರುತ್ತದೆ. ಉಮ್ಮತ್ತಿಯಲ್ಲಿ ಪಾಪೆ ಅಗಲವಾಗಿ ತೆರೆದಿರುತ್ತದೆ, ಬಾಯಿ ಒಣಗಿರುತ್ತದೆ. ಒಂದಕ್ಕೊಂದು ತೀರಾ ಎದುರು. ಉಮ್ಮತ್ತಿಯ ವಾಸನೆಗೇ ದನ ಹತ್ತಿರ ಹೋಗುವುದಿಲ್ಲ. ಆದರೆ ಕಳೆ ತೆಗೆಯದೆ ಹೊಲ ಪೂರ್ತಿ ಕೊಯ್ದು ಕಟರ್‌ಗೆ ಹಾಕಿದಾಗ ಮೇವಿನ ಜೊತೆ ಅದೂ ಒಳಗೆ ಸೇರುತ್ತದೆ.

ಕಣಗಿಲೆ ಬೇರೆಯೇ ಲೆಕ್ಕ. ಹೆದ್ದಾರಿ ನಡುವೆ, ಶಾಲೆ, ದೇವಸ್ಥಾನ, ಲೇಔಟ್ ಎಲ್ಲಾ ಕಡೆ ಅದೇ ಗಿಡ. ನಿಂತ ಗಿಡಕ್ಕೆ ದನ ಬಾಯಿ ಹಾಕುವುದು ಅಪರೂಪ, ಎಲೆ ಅಷ್ಟು ಕಹಿ. ಗಿಡ ಸವರಿದ ಮೇಲೆ ರಸ್ತೆ ಬದಿಯಲ್ಲಿ ಒಟ್ಟಿದ ಸೊಪ್ಪು ಬಾಡಿದಾಗ ಅಪಾಯ. ಒಣಗಿದರೂ ವಿಷ ಹೋಗುವುದಿಲ್ಲ. ದೊಡ್ಡ ಹಸುವಿಗೂ ಕೆಲವೇ ಕೆಲವು ಎಲೆ, ಹತ್ತಿಪ್ಪತ್ತು, ಸಾಕಾಗಬಹುದು. ಲಕ್ಷಣ ಕೆಲವು ಗಂಟೆ ಬಿಟ್ಟು ಬರುತ್ತದೆ: ರಕ್ತ ಮಿಶ್ರಿತ ಭೇದಿ, ತಣ್ಣಗಾದ ಕಿವಿ, ತಾಳ ತಪ್ಪಿದ ನಾಡಿ. ಎಡ ಮೊಣಕೈ ಹಿಂದೆ ಕಿವಿ ಇಟ್ಟು ಕೇಳಿದರೆ ಹೃದಯ ಒಮ್ಮೆ ಓಡುತ್ತದೆ, ಒಮ್ಮೆ ನಿಂತು ನಿಂತು ಬಡಿಯುತ್ತದೆ. ಹಳದಿ ಹೂವಿನ ಕಾಡು ಕಣಗಿಲೆಯೂ ಅಷ್ಟೇ ಕೆಟ್ಟದ್ದು.

ಔಡಲದಲ್ಲಿ ಎಲೆಗಿಂತ ಬೀಜ ಭಯಂಕರ. ಅದಕ್ಕಿಂತ ಮೋಸದ್ದು ಗೊಬ್ಬರಕ್ಕೆ ತಂದ ಹರಳು ಹಿಂಡಿ, ಅಂದರೆ ಔಡಲ ಬೀಜದ ಹಿಂಡಿ. ನೋಡಲು ಶೇಂಗಾ ಹಿಂಡಿಯ ಹಾಗೇ ಇರುತ್ತದೆ, ದನ ಚೀಲಕ್ಕೆ ಬಾಯಿ ಹಾಕುತ್ತದೆ. ತಿಂದ ಹೊತ್ತಿಗೂ ಭೇದಿ ಶುರುವಾಗುವುದಕ್ಕೂ ನಡುವೆ ಒಂದಿಡೀ ದಿನವೇ ಕಳೆಯಬಹುದು, ಆಗ ಯಾರಿಗೂ ಚೀಲದ ನೆನಪು ಇರುವುದಿಲ್ಲ.

ಎರಡು ಮೂರು ದಿನ ಬಿಟ್ಟು ಬಂದರೆ: ಲಂಟಾನ

ಈ ಕಾಯಿಲೆ ಸದ್ದಿಲ್ಲದೆ ಬರುತ್ತದೆ. ಮೊದಲ ದಿನ ಹಸು ಮೇವು ಬಿಡುತ್ತದೆ. ಮೆಲುಕು ಇಲ್ಲ. ಸಗಣಿ ಕಡಿಮೆ, ಗಟ್ಟಿ, ಕಪ್ಪು. ಜನ ಅಜೀರ್ಣ ಅಂತ ಸುಮ್ನೆ ಇರುತ್ತಾರೆ. ಮಾರನೆಯ ದಿನ ಹಸು ಬಿಸಿಲಿಗೆ ನಿಲ್ಲುವುದಿಲ್ಲ, ನೆರಳು ಹುಡುಕಿ ಓಡುತ್ತದೆ. ಮೂತಿ ಕೆಂಪಾಗಿ ಊದುತ್ತದೆ. ಕಣ್ಣಿನ ಬಿಳಿ ಭಾಗ ಅರಿಶಿನದ ಬಣ್ಣಕ್ಕೆ ತಿರುಗುತ್ತದೆ, ಮೂತ್ರ ಗಾಢ ಹಳದಿ. ಆಮೇಲೆ ಚರ್ಮ ಒಡೆದು, ಹಕ್ಕಳೆಗಟ್ಟಿ, ಸುಲಿಯಲು ಶುರು.

ಎಚ್‌ಎಫ್ (ಕಪ್ಪು ಬಿಳಿ ಮಚ್ಚೆಯ ಸೀಮೆ ತಳಿ) ಹಸುವಿನಲ್ಲಿ ಇದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಕಪ್ಪು ಮಚ್ಚೆ ಇರುವ ಚರ್ಮ ಚೆನ್ನಾಗಿಯೇ ಇರುತ್ತದೆ, ಪಕ್ಕದಲ್ಲೇ ಬಿಳಿ ಇರುವ ಕಡೆ ಮಾತ್ರ ಕೂದಲ ಸಮೇತ ಎದ್ದು ಬರುತ್ತದೆ. ಗೆರೆ ಎಳೆದ ಹಾಗೆ ಗಡಿ ಕಾಣುತ್ತದೆ. ಕೆಚ್ಚಲು, ಮೊಲೆತೊಟ್ಟು, ಕಿವಿಯ ಅಂಚು, ಮೂತಿ, ಅಂದರೆ ಕೂದಲು ಕಡಿಮೆ ಇರುವ ತಿಳಿ ಚರ್ಮಕ್ಕೆ ಪೆಟ್ಟು ಜಾಸ್ತಿ. ಚರ್ಮಗಂಟು ರೋಗ ಅಂತ ಗಾಬರಿ ಬೀಳುವವರು ಇದನ್ನು ಗಮನಿಸಿ. ಗಂಟು ರೋಗಕ್ಕೆ ಕಪ್ಪು ಬಿಳಿ ಭೇದ ಇಲ್ಲ, ಮೈಯೆಲ್ಲಾ ಗುಂಡಗೆ ಗಂಟು ಏಳುತ್ತವೆ, ಜ್ವರ ಇರುತ್ತದೆ.

ಗಿಡ ತಿಂದದ್ದಕ್ಕೂ ಬಿಸಿಲಿಗೂ ಏನು ನಂಟು? ಲಂಟಾನದ ಎಲೆಯಲ್ಲಿರುವ ಲ್ಯಾಂಟಡೀನ್ ಎಂಬ ವಿಷ ಯಕೃತ್ತಿಗೆ ಹೊಡೆದು ಪಿತ್ತರಸದ ಹರಿವು ನಿಲ್ಲಿಸುತ್ತದೆ. ಹಸಿರು ಮೇವು ಜೀರ್ಣವಾದಾಗ ಹುಟ್ಟುವ ಒಂದು ಬಣ್ಣದ ವಸ್ತು ಮಾಮೂಲಿಯಾಗಿ ಪಿತ್ತದ ಮೂಲಕ ಹೊರಗೆ ಹೋಗಬೇಕು. ದಾರಿ ಕಟ್ಟಿದಾಗ ಅದು ರಕ್ತದಲ್ಲಿ ಉಳಿದು ಚರ್ಮಕ್ಕೆ ಬರುತ್ತದೆ, ಬಿಸಿಲು ತಾಗಿದರೆ ಅಲ್ಲೇ ಸುಡುತ್ತದೆ. ಹಾಗಾಗಿ ಚರ್ಮಕ್ಕೆ ಮುಲಾಮು ಹಚ್ಚುವುದು ಕೊನೆಯ ಕೆಲಸ. ಮೊದಲ ಕೆಲಸ ಹಸುವನ್ನು ಕತ್ತಲೆ ಕೊಟ್ಟಿಗೆಗೆ ಸೇರಿಸುವುದು, ಹಸಿ ಮೇವು ನಿಲ್ಲಿಸಿ ಒಣಹುಲ್ಲು ಕೊಡುವುದು.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ಈ ವಿಷ ಹೊಟ್ಟೆಯ ಚಲನೆಯನ್ನೇ ನಿಲ್ಲಿಸುತ್ತದೆ. ತಿಂದ ಎಲೆ ಮುಂದೆ ಸಾಗದೆ ದೊಡ್ಡ ಹೊಟ್ಟೆಯಲ್ಲೇ ಕೂತು ದಿನಗಟ್ಟಲೆ ವಿಷ ಬಿಡುತ್ತಾ ಇರುತ್ತದೆ. ‘ತಿಂದು ಮೂರು ದಿನ ಆಯ್ತಲ್ಲ, ಇನ್ನೇನು ಹೊಟ್ಟೆಯಲ್ಲಿ ಇರುತ್ತೆ’ ಅನ್ನುವುದು ತಪ್ಪು. ಸಕ್ರಿಯ ಇದ್ದಿಲು ಕೊಟ್ಟು ಆ ವಿಷ ಹೀರಿಸಬೇಕು. ಪ್ರಮಾಣ ಮೈತೂಕದ ಕೆಜಿಗೆ 5 ಗ್ರಾಂ. ಅಂದರೆ 400 ಕೆಜಿ ಹಸುವಿಗೆ 2 ಕೆಜಿ. ಚಮಚದ ಲೆಕ್ಕದಲ್ಲಿ ಕೊಟ್ಟು ಪ್ರಯೋಜನ ಇಲ್ಲ. ಇದ್ದಿಲು ಸಿಗದಿದ್ದರೆ ಬೆಂಟೊನೈಟ್ ಮಣ್ಣನ್ನು ಅದೇ ಪ್ರಮಾಣದಲ್ಲಿ ಬಳಸುತ್ತಾರೆ. ಕೆಲವೊಮ್ಮೆ ಹೊಟ್ಟೆ ಕೊಯ್ದು ಮೇವು ತೆಗೆಯಬೇಕಾಗುತ್ತದೆ. ಚೇತರಿಕೆ ವಾರಗಟ್ಟಲೆ ಹಿಡಿಯುತ್ತದೆ, ಚರ್ಮದ ಗಾಯಕ್ಕೆ ನೊಣ ಕೂರದಂತೆ ಕಾಯುವುದೇ ದೊಡ್ಡ ಕೆಲಸ.

ಬಂಡೀಪುರ, ಮಲೆ ಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟದ ಕಾಡಂಚಿನಲ್ಲಿ ಲಂಟಾನ ಹುಲ್ಲಿಗೆ ಜಾಗವನ್ನೇ ಬಿಟ್ಟಿಲ್ಲ. ಬ್ರಿಟಿಷರ ಕಾಲದಲ್ಲಿ ಅಂದಕ್ಕೆಂದು ತಂದ ಹೂವಿನ ಗಿಡ ಇದು. ಅಲ್ಲಿಯ ದನಗಳಿಗೆ ಗಿಡ ಪರಿಚಯ, ತಿನ್ನುವುದು ಕಡಿಮೆ. ಹೊರಗಿನಿಂದ ತಂದ ಹಸುವಿಗೆ, ಎಳೆ ಕರುಗಳಿಗೆ, ಬೇಸಿಗೆಯ ಕೊನೆಯಲ್ಲಿ ಹುಲ್ಲೇ ಇಲ್ಲದಾಗ ಎಲ್ಲಕ್ಕೂ ಅಪಾಯ. ಕೆಂಪು ಹೂವಿನ ಬಗೆಗಳು ಹೆಚ್ಚು ವಿಷಕಾರಿ ಎಂದು ಹೆಸರಾಗಿವೆ. ಗುಲಾಬಿ ಬಣ್ಣದ್ದು ಅಂತ ನಂಬಿಕೊಂಡು ಬಿಡುವುದು ಮಾತ್ರ ಬೇಡ.

ವಾರ, ತಿಂಗಳು ಹಿಡಿಯುವ ನಿಧಾನದ ನಂಜುಗಳು

ಇವುಗಳಲ್ಲಿ ಯಾವ ದಿನ ಏನು ತಿಂದಿತು ಎಂದು ಹುಡುಕಿ ಫಲ ಇಲ್ಲ. ತಿಂಗಳಿಂದ ದಿನವೂ ಏನು ತಿನ್ನುತ್ತಿದೆ ಎಂದು ಕೇಳಿ.

ಬಳ್ಳಾರಿ ಜಾಲಿಯ ಕಾಯಿ ಸಿಹಿ, ಬರಗಾಲದಲ್ಲಿ ಒಳ್ಳೆಯ ಮೇವೇ. ಆದರೆ ವಾರಗಟ್ಟಲೆ ಅದೊಂದನ್ನೇ ತಿಂದ ದನ, ಮೇಕೆಗಳಲ್ಲಿ ದವಡೆಯ ನರ ಸೋಲುತ್ತದೆ. ಒಂದೇ ಪಕ್ಕಕ್ಕೆ ಅಗಿಯುವುದು, ಮೆಲುಕು ಬಾಯಿಯಿಂದ ಜಾರುವುದು, ನಾಲಿಗೆ ಹೊರಗೆ ಇಳಿಬೀಳುವುದು ಕಂಡರೆ ಕಾಯಿ ನಿಲ್ಲಿಸಿ. ಸುಬಾಬುಲ್ ಮರದ ಸೊಪ್ಪು ಒಟ್ಟು ಮೇವಿನ ಮೂರನೇ ಒಂದು ಪಾಲು ಮೀರಿದರೆ ಮಿಮೋಸಿನ್ ಎಂಬ ವಸ್ತುವಿನಿಂದ ಕೂದಲು ಉದುರುತ್ತದೆ, ಗಂಟಲ ಗ್ರಂಥಿ ಊದುತ್ತದೆ. ಕೆರೆಯಂಚಿನಲ್ಲಿ ಬೇಲಿಗೆ ನೆಡುವ, ತಿಳಿ ನೇರಳೆ ಗಂಟೆ ಹೂವಿನ ಐಪೋಮಿಯಾವನ್ನು ಮೇಕೆ ಒಮ್ಮೆ ರೂಢಿ ಮಾಡಿಕೊಂಡರೆ ಹುಡುಕಿಕೊಂಡು ಹೋಗಿ ತಿನ್ನುತ್ತದೆ. ಸೊರಗುವುದು, ತಲೆ ಅಲ್ಲಾಡುವುದು, ಹಿಂಗಾಲು ಎಳೆಯುವುದು ಅದರ ಗುರುತು. ಬೇಗ ಬಿಡಿಸಿದರೆ ಚೇತರಿಸಿಕೊಳ್ಳುತ್ತವೆ. ಬೆಟ್ಟದ ಮೇಲಿನ ಜರೀಗಿಡ ತಿಂಗಳುಗಟ್ಟಲೆ ಮೇಯ್ದ ದನ ರಕ್ತದ ಮೂತ್ರ ಮಾಡಬಹುದು, ನೀಲಗಿರಿ ಬೆಟ್ಟಗಳಲ್ಲಿ ಇದು ಹಳೆಯ ಸಮಸ್ಯೆ. ಆದರೆ ಮಲೆನಾಡಿನಲ್ಲಿ ಕೆಂಪು ಮೂತ್ರ ಕಂಡರೆ, ಜ್ವರವೂ ಇದ್ದರೆ, ಮೊದಲು ಉಣ್ಣೆ ಹುಳು ಕಚ್ಚಿ ಬರುವ ಜ್ವರದ ಪರೀಕ್ಷೆ ಮಾಡಿಸಿ. ಕಾಂಗ್ರೆಸ್ ಹುಲ್ಲು ತಿಂದರೆ ಹಾಲು ಕಹಿಯಾಗುತ್ತದೆ, ಬಾಯಿ, ಕೆಚ್ಚಲ ಸುತ್ತ ತುರಿಕೆ ಹುಣ್ಣು.

ಹೊಲದಲ್ಲಿ ಗುರುತು ಹುಡುಕುವುದು

ಈಗ ಹೊಲಕ್ಕೆ ಹೋಗಿ, ಗಿಡದ ಪಟ್ಟಿ ಹಿಡಿದುಕೊಂಡು ಅಲ್ಲ, ಅನುಮಾನ ಹಿಡಿದುಕೊಂಡು. ಕಚ್ಚಿದ ತುದಿಯನ್ನು ನೋಡಿ. ದನಕ್ಕೆ ಮೇಲ್ದವಡೆಯ ಮುಂದೆ ಹಲ್ಲಿಲ್ಲ, ನಾಲಿಗೆಯಲ್ಲಿ ಸುತ್ತಿ ಎಳೆದು ಕೀಳುತ್ತದೆ. ಹಾಗಾಗಿ ತುದಿ ಹರಿದು, ನಾರು ಎದ್ದಿರುತ್ತದೆ. ಕುಡುಗೋಲಿನದ್ದು ಓರೆಯಾಗಿ ನಯವಾಗಿರುತ್ತದೆ. ಹರಿದ ತುದಿ ಹಸಿಯಾಗಿದ್ದರೆ ಇವತ್ತಿನದ್ದು, ಕಂದಾಗಿ ಒಣಗಿದ್ದರೆ ಹಳೆಯದ್ದು. ಹುಲ್ಲು ನೆಲಮಟ್ಟಕ್ಕೆ ಬಂದಿದ್ದು, ಪೊದೆಯ ಎಲೆಗಳು ದನದ ಬಾಯಿ ಎಟಕುವ ಎತ್ತರದವರೆಗೆ ಸವೆದಿದ್ದರೆ ಹಸಿವೇ ಕಾರಣ ಎಂದು ಬರೆದಿಟ್ಟ ಹಾಗೆ. ಬೇಲಿಯ ಆಚೆ ಈಚೆ, ನೀರಿನ ತೊಟ್ಟಿಯ ಸುತ್ತ, ದನ ನೆರಳಿಗೆ ಮಲಗುವ ಮರದ ಬುಡ, ಈ ಮೂರು ಜಾಗ ಬಿಡಬೇಡಿ. ದನ ಸತ್ತಿದ್ದರೆ ಡಾಕ್ಟರು ಶವಪರೀಕ್ಷೆ ಮಾಡುವಾಗ ದೊಡ್ಡ ಹೊಟ್ಟೆಯ ಮೇವನ್ನು ಬಕೆಟ್ ನೀರಿನಲ್ಲಿ ಬಿಡಿಸಿ ನೋಡಲು ಕೇಳಿ. ಕಣಗಿಲೆಯ ಎಲೆಯ ಚೂರು ಅದರ ನಡುಗೆರೆಯಿಂದಲೇ ಗುರುತು ಸಿಗುತ್ತದೆ.

ಲ್ಯಾಬಿಗೆ ಕಳಿಸುವುದಾದರೆ ಹೊಟ್ಟೆಯ ಮೇವು, ಯಕೃತ್ತು, ಮೂತ್ರಪಿಂಡದ ತುಂಡು ಬೇರೆ ಬೇರೆ ಡಬ್ಬಿಯಲ್ಲಿ, ಐಸ್ ಇಟ್ಟು ಕೊಡಬೇಕು. ವಿಷ ಪರೀಕ್ಷೆಯ ಮಾದರಿಗೆ ಫಾರ್ಮಲಿನ್ ಹಾಕಬಾರದು. ಸಯನೈಡ್ ಅನುಮಾನ ಇದ್ದರೆ ಡಬ್ಬಿಯ ಮುಚ್ಚಳ ಗಾಳಿಯಾಡದಂತೆ ಬಿಗಿಯಾಗಿರಲಿ, ಅನಿಲವಾಗಿ ಹಾರಿಹೋದರೆ ಲ್ಯಾಬಿಗೆ ಏನೂ ಸಿಗುವುದಿಲ್ಲ. ಅನುಮಾನದ ಗಿಡವನ್ನು ಬೇರು, ಹೂವು, ಕಾಯಿ ಸಮೇತ ಕಿತ್ತು ಪೇಪರಿನ ಮಡಿಕೆಯಲ್ಲಿ ಇಡಿ. ಬರೀ ಎಲೆಯ ಫೋಟೊ ವಾಟ್ಸಾಪಿನಲ್ಲಿ ಕಳಿಸಿದರೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ.

ಮತ್ತೆ ಮೇಯಲು ಬಿಡುವ ಮೊದಲು

ಮನೆಯಲ್ಲಿ ಒಂದು ಹೊರೆ ಒಣಮೇವು ತಿನ್ನಿಸಿ ಆಮೇಲೆ ಹೊರಗೆ ಬಿಡಿ. ನನ್ನ ಪ್ರಕಾರ ಇದಕ್ಕಿಂತ ಅಗ್ಗದ, ಇದಕ್ಕಿಂತ ಗಟ್ಟಿಯಾದ ಉಪಾಯ ಬೇರೆ ಇಲ್ಲ. ಹೊಸ ಹಸುವನ್ನು ಮೊದಲ ವಾರ ಕಟ್ಟಿಯೇ ಸಾಕಿ, ಆಮೇಲೆ ಹಳೆಯ ದನದ ಜೊತೆ ಬಿಡಿ.

ಜೋಳವನ್ನು ಅರ್ಧದಷ್ಟು ಹೂ ಬಿಟ್ಟ ಮೇಲೆ ಕೊಯ್ಯುವುದು ಕ್ಷೇಮ. ಬರಕ್ಕೆ ಬಾಡಿದ ಬೆಳೆಗೆ ಮಳೆ ಬಿದ್ದ ಮರುದಿನವೇ ದನ ನುಗ್ಗಿಸಬೇಡಿ, ಆಗ ಏಳುವ ಹೊಸ ಚಿಗುರೇ ಅತಿ ಕೆಟ್ಟದ್ದು. ಕೂಳೆಯನ್ನು ಕೊಯ್ದು ಬಿಸಿಲಲ್ಲಿ ಹರಡಿ ಚೆನ್ನಾಗಿ ಒಣಗಿಸಿದರೆ ಸಯನೈಡ್ ಬಹುಪಾಲು ಹೋಗುತ್ತದೆ, ಅರೆಬರೆ ಬಾಡಿಸಿದರೆ ಹೋಗುವುದಿಲ್ಲ. ನೈಟ್ರೇಟ್ ಮಾತ್ರ ಎಷ್ಟು ಒಣಗಿಸಿದರೂ ಹೋಗದು. ಅದು ಕಾಂಡದ ಬುಡದಲ್ಲೇ ಜಾಸ್ತಿ ಇರುವುದರಿಂದ ಒಂದಡಿ ಬುಡ ಬಿಟ್ಟು ಮೇಲಕ್ಕೆ ಕೊಯ್ಯಿರಿ, ಬೇರೆ ಮೇವಿನ ಜೊತೆ ಬೆರೆಸಿ ಹಾಕಿ.

ಲಂಟಾನ ಕಡಿದರೆ ಮತ್ತೆ ಚಿಗುರುತ್ತದೆ, ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಬೇರು ಸಮೇತ ಎಬ್ಬಿಸಿ. ಕಿತ್ತ ರಾಶಿಯನ್ನೂ, ಸವರಿದ ಕಣಗಿಲೆಯನ್ನೂ ದನ ಬರುವ ದಾರಿಯಲ್ಲಿ ಒಟ್ಟಬೇಡಿ. ಪಕ್ಕದ ಮನೆಯವರು ಬೇಲಿ ಸವರುವ ದಿನ ನಿಮಗೆ ಒಂದು ಮಾತು ಹೇಳಲಿ ಅಂತ ಮೊದಲೇ ಕೇಳಿಕೊಂಡಿರಿ.